ಮಣ್ಣೆತ್ತಿನ ಮೈಮೇಲಿನ ಬೆರಳು

ಎಪ್ಪತ್ತರ ದಶಕದ ಕೊನೆಯಲ್ಲಿ ಬೀರೂರು ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿದ ಕೆಲವರ ಮನೆಯ ಗೂಡಿನಲ್ಲೋ ಗಾಜಿನ ಬೀರುವಿನಲ್ಲೋ ಇವತ್ತಿಗೂ ಒಂದು ಮಣ್ಣೆತ್ತು ನಿಂತಿದೆ. ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದು. ಕೊಂಬು ನೀಳವಾಗಿ ಹಿಂದಕ್ಕೆ ಬಾಗಿ ಮೇಲೆದ್ದಿರುತ್ತದೆ, ಬೆನ್ನ ಮೇಲಿನ ಹಿಣಿಲೂ ಕೊರಳೂ ಕಪ್ಪಗೆ, ಪಕ್ಕೆ ಬೂದಿ ಬಣ್ಣ. ಅಮೃತಮಹಲ್ ಕಾವಲಿನಲ್ಲಿ ಮೇಯುವ ದನಗಳನ್ನು ಕಂಡವರು ಅದನ್ನು ಕೈಗೆತ್ತಿಕೊಂಡರೆ, ಮೈ ಬೆಚ್ಚಗಿದೆಯೇನೋ ಎಂದು ಒಮ್ಮೆ ಮುಟ್ಟಿ ನೋಡುತ್ತಾರೆ. ಅದಕ್ಕೆ ಬಣ್ಣ ಹಾಕಿದವಳು ಅಜ್ಜಂಪುರದ ಭಾಗಮ್ಮ.

"ಎಂಥಾ ಬಣ್ಣ ಹಾಕ್ತೀಯಮ್ಮ ಇದಕ್ಕೆ?" ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ಬಣ್ಣದಲ್ಲೇನೈತೆ ಮಣ್ಣು! ಒಂದು ಕರೀದು, ಒಂದು ಬಿಳೀದು. ಕೇಳೋದಾದ್ರೆ ಬ್ರಶ್ ಕೇಳ್ರಿ." ಕೇಳಿದವರು ಕೆಟ್ಟರು. ಕುಂಚದ ಮಾತು ಶುರುವಾದರೆ ಅವಳು ಒಲೆಯ ಮೇಲೆ ಅನ್ನ ಸೀದರೂ ಏಳುತ್ತಿರಲಿಲ್ಲ. ಆದರೆ ಆ ಕುಂಚ ತನಗೆ ಏನನ್ನು ತೋರಿಸಿತು ಎಂಬುದನ್ನು ಮಾತ್ರ ಗಿರಾಕಿಗಳ ಮುಂದೆ ಅವಳು ಎಂದೂ ಬಾಯಿ ಬಿಟ್ಟವಳಲ್ಲ.

ಭಾಗಮ್ಮ ಹುಟ್ಟಿದ್ದು ಸಖರಾಯಪಟ್ಟಣದಲ್ಲಿ. ಅಪ್ಪ ಅಂಜಿನಪ್ಪ ಗಾಡಿ, ತೊಟ್ಟಿಲು, ಬಾಗಿಲುಗಳಿಗೆ ಬಣ್ಣ ಹೊಡೆಯುವವನು. ತಾಯಿ ಬೇಗ ತೀರಿಕೊಂಡಿದ್ದರಿಂದ ಮಗಳು ಬಣ್ಣದ ಡಬ್ಬಗಳ ನಡುವೆಯೇ ಬೆಳೆದಳು. ಗೊತ್ತಾಗಿದ್ದ ಒಂದು ಸಂಬಂಧ ಮುರಿದುಬಿದ್ದ ಮೇಲೆ ಊರವರ ಬಾಯಿಗೂ ಬಿದ್ದಳು. ಎಪ್ಪತ್ತೈದರ ಬೇಸಿಗೆಯಲ್ಲಿ ಅಜ್ಜಂಪುರದಿಂದ ಜವರಮ್ಮ ಎಂಬ ಹೆಂಗಸು ತನ್ನ ಮಗ ಉಗ್ರಪ್ಪನಿಗೆ ಹೆಣ್ಣು ಕೇಳಿಕೊಂಡು ಬಂದಳು. ಎರಡನೇ ಸಂಬಂಧ. ಮೊದಲ ಹೆಂಡತಿ ದ್ಯಾವಮ್ಮ ಜ್ವರ ಬಂದು ಸತ್ತಿದ್ದಳು. "ಮನೇಲಿ ನಾನು, ನನ್ ಮಗ, ಇಬ್ರೇ ಕಣಪ್ಪಾ" ಎಂದಳು ಜವರಮ್ಮ. ಅಂಜಿನಪ್ಪ ಒಪ್ಪಿದ.

ತಾಳಿ ಕಟ್ಟಿದ ದಿನವೇ ಜವರಮ್ಮ ಸೊಸೆಯ ಕೊರಳಿಗೆ ಇನ್ನೊಂದು ಕರಿದಾರ ಹಾಕಿದಳು. ಅದರಲ್ಲಿ ಬೆಳ್ಳಿಯ ಪುಟ್ಟ ಬಿಲ್ಲೆ, ಬಿಲ್ಲೆಯ ಮೇಲೆ ಸೆರಗು ಹೊದ್ದ ಹೆಂಗಸಿನ ಆಕಾರ. ಅದಕ್ಕೆ ಸವತಿಬಿಲ್ಲೆ ಎನ್ನುತ್ತಾರೆ. ಸತ್ತ ಮೊದಲನೆಯವಳನ್ನು ಎರಡನೆಯವಳು ಹೀಗೆ ಕೊರಳಲ್ಲಿ ಇಟ್ಟುಕೊಳ್ಳಬೇಕು. ಹೊಸ ಸೀರೆ ಉಡುವ ಮುಂಚೆ ಸೆರಗನ್ನು ಅದಕ್ಕೆ ಮುಟ್ಟಿಸಬೇಕು, ಹೂ ಮುಡಿಯುವ ಮುಂಚೆ, ತುತ್ತು ಬಾಯಿಗಿಡುವ ಮುಂಚೆ ಅದಕ್ಕೆ ಸೋಕಿಸಬೇಕು. ಅವಳ ಪಾಲು ಅವಳಿಗೆ ಸಂದರೆ ಸುಮ್ಮನಿರುತ್ತಾಳೆ. ಮರೆತರೆ ಎರಡನೆಯವಳ ಬಸಿರಿಗೇ ಕೈ ಹಾಕುತ್ತಾಳೆ ಎಂಬುದು ನಂಬಿಕೆ. ಮದುವೆಯ ದಿನ ಭಾಗಮ್ಮನಿಗೆ ಇದೆಲ್ಲ ನಗು ತರಿಸಿತ್ತು. ಮಾರನೇ ವರ್ಷ ಮೊದಲ ಬಸಿರು ನಿಲ್ಲದೆ ಹೋದಾಗ ಆ ನಗು ಹೋಯಿತು. ತಾನು ಯಾವ ಹೂವನ್ನು, ಯಾವ ತುತ್ತನ್ನು ಮರೆತೆ ಎಂದು ಲೆಕ್ಕ ಹಾಕುತ್ತ ಕೂತಳು.

ಮನೆ ಅಜ್ಜಂಪುರದ ಅಂಚಿನಲ್ಲಿತ್ತು. ಮೊದಲು ಅವರಿದ್ದದ್ದು ಲಕ್ಕವಳ್ಳಿಯಲ್ಲಿ. ದ್ಯಾವಮ್ಮ ಸತ್ತ ನಕ್ಷತ್ರ ಸರಿಯಿಲ್ಲ, ಮನೆ ಬಿಡಬೇಕು ಎಂದು ಯಾರೋ ಹೇಳಿದ್ದಕ್ಕೆ ಜವರಮ್ಮ ಊರನ್ನೇ ಬಿಟ್ಟು, ಗಾಡಿ ಕಟ್ಟಿಸಿಕೊಂಡು ಇಲ್ಲಿಗೆ ಬಂದಿದ್ದಳು. ಆ ಗಾಡಿಯಲ್ಲಿ ಪಾತ್ರೆಪಗಡಕ್ಕಿಂತ ಹೆಚ್ಚಾಗಿ ಬಂದದ್ದು ಮಣ್ಣೆತ್ತುಗಳು. ಅಚ್ಚಿಗೆ ಮಣ್ಣು ಒತ್ತಿ ಎತ್ತು ತೆಗೆಯುತ್ತಿದ್ದವಳು ದ್ಯಾವಮ್ಮ. ಸುಟ್ಟು, ಬಣ್ಣ ಬಳಿದು, ಸಂತೆ-ಸ್ಟೇಷನ್ನುಗಳಲ್ಲಿ ಮಾರುತ್ತಿದ್ದವನು ಉಗ್ರಪ್ಪ. ಅವಳು ಸಾಯುವ ಹೊತ್ತಿಗೆ ಒತ್ತಿ ಸುಟ್ಟು ಬಣ್ಣ ಕಾಣದ ಎತ್ತುಗಳು ಬುಟ್ಟಿಗಟ್ಟಲೆ ಇದ್ದವು. ಹುಲ್ಲು ಹಾಸಿ ತಂದ ಆ ಬುಟ್ಟಿಗಳೆಲ್ಲ ಈಗ ಅಟ್ಟದ ಮೇಲಿದ್ದವು. ಭಾಗಮ್ಮ ಏಣಿ ಹತ್ತಿ ಇಣುಕಿದರೆ ಕತ್ತಲಲ್ಲಿ ಬರೀ ಬೆನ್ನುಗಳು ಕಾಣುತ್ತಿದ್ದವು.

ಉಗ್ರಪ್ಪ ಅವಕ್ಕೆ ದಪ್ಪಗೆ ಸುಣ್ಣ ಬಳಿದು ಕಣ್ಣಿನ ಜಾಗಕ್ಕೆ ಎರಡು ಚುಕ್ಕೆ ಇಟ್ಟು ಮಾರುತ್ತಿದ್ದ. ಭಾಗಮ್ಮ ಒಂದನ್ನು ತಿರುಗಿಸಿ ನೋಡಿ, "ಇದು ಎತ್ತಾ, ಸುಣ್ಣದ ತೊಟ್ಟಿಗೆ ಬಿದ್ದ ಇಲೀನಾ?" ಎಂದಳು. ಉಗ್ರಪ್ಪ ಒಳ್ಳೆಯವನು, ಮಾತಿಗೆ ಎದುರಾಡುವವನಲ್ಲ. ಅಮ್ಮ ಹೇಳಿದರೂ ಸರಿ, ಹೆಂಡತಿ ಹೇಳಿದರೂ ಸರಿ, ತಲೆ ತಗ್ಗಿಸಿಬಿಡುವ ಆಳು. "ನೀನೇ ಬಳಿ ಹಂಗಾರೆ" ಎಂದು ಅಟ್ಟದಿಂದ ಒಂದು ಬುಟ್ಟಿ ಇಳಿಸಿಕೊಟ್ಟ.

ಅಪ್ಪ ಕಲಿಸಿದ್ದ ಒಂದು ಕೆಲಸವಿತ್ತು. ಕೆತ್ತನೆಯ ತೊಟ್ಟಿಲು ಬಂದರೆ ಅಂಜಿನಪ್ಪ ಅದಕ್ಕೆ ಮೊದಲು ಕಪ್ಪು ಬಳಿದು ಒಣಗಿಸುತ್ತಿದ್ದ. ಆಮೇಲೆ ಕುಂಚವನ್ನು ತಿಳಿಬಣ್ಣದಲ್ಲಿ ಅದ್ದಿ, ಬಟ್ಟೆಯ ಮೇಲೆ ಒರೆಸಿ ಒರೆಸಿ, ಇನ್ನು ಇದರಲ್ಲಿ ಏನೂ ಉಳಿದಿಲ್ಲ ಅನ್ನಿಸುವ ತನಕ ಒರೆಸಿ, ಕೆತ್ತನೆಯ ಮೇಲೆ ಹಗುರಾಗಿ ಆಡಿಸುತ್ತಿದ್ದ. ಉಬ್ಬಿದ್ದಷ್ಟಕ್ಕೇ ಬಣ್ಣ ಹತ್ತುತ್ತಿತ್ತು, ತಗ್ಗಿನಲ್ಲಿ ಕಪ್ಪು ಉಳಿಯುತ್ತಿತ್ತು. ಅದನ್ನು ಅವನು 'ಒಣಕೈ' ಎನ್ನುತ್ತಿದ್ದ. ಕಾವಲಿನ ದನದ ಮೈಗೆ ಇದೇ ಸರಿ ಎಂದು ಭಾಗಮ್ಮನಿಗೆ ಹೊಳೆಯಿತು. ಆದರೆ ತೊಟ್ಟಿಲಿಗೆ ಆಗುವ ಕುಂಚ ಅಂಗೈಯಗಲದ ಎತ್ತಿಗೆ ಆಗಬೇಕಲ್ಲ.

ಅಲ್ಲಿಂದ ಅವಳಿಗೆ ಕುಂಚದ ಹುಚ್ಚು ಹಿಡಿಯಿತು. ತೆಂಗಿನ ನಾರು ಕಟ್ಟಿ ನೋಡಿದಳು, ಮೈಯೆಲ್ಲ ಗೀರಿತು. ಬೇವಿನ ಕಡ್ಡಿಯ ತುದಿ ಜಗಿದು ನೋಡಿದಳು, ಬಣ್ಣ ಮುದ್ದೆಮುದ್ದೆಯಾಗಿ ಕೂತಿತು. ಕರುವಿನ ಕಿವಿಗೂದಲು ಮೆತ್ತಗಾಗಿ ತಗ್ಗಿನೊಳಕ್ಕೆಲ್ಲ ಇಳಿದು ಕಪ್ಪನ್ನೇ ಮುಚ್ಚಿತು. ಕಡೂರಿನ ಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ ಷಡಕ್ಷರಿ ಅವಳ ಮುಂದೆ ಹೊಸ ಕುಂಚಗಳನ್ನೆಲ್ಲ ಹರಡಿದ. ಅವಳು ಒಂದೊಂದನ್ನೂ ಅಂಗೈಗೆ ಒತ್ತಿ ಒತ್ತಿ ಕೆಳಗಿಟ್ಟಳು.

"ಅದೇನು ಬೆಂಡೇಕಾಯಾ, ಮುರಿದು ನೋಡೋಕೆ?" ಎಂದ ಷಡಕ್ಷರಿ.

"ಹೊಸಾವು ಬಣ್ಣ ಕುಡಿತಾವೆ ಸ್ವಾಮೀ. ಚೂಪಿದ್ರೆ ಗೆರೆ ಎಳಿತಾವೆ. ನಂಗೆ ಕೂದ್ಲು ಸವೆದಿರಬೇಕು, ಗಿಡ್ಡ ಇರಬೇಕು, ಬಗ್ಗಿಸಿದ್ರೆ ಎದ್ದು ನಿಲ್ಲಬೇಕು. ಅಗೋ, ಆ ಡಬ್ಬದಲ್ಲೈತಲ್ಲ, ಅದು ಕೊಡಿ."

"ಅದು ಮೂಟೆ ಮೇಲೆ ಹೆಸ್ರು ಬರಿಯೋದು ಕಣಮ್ಮ, ಎಸೀಬೇಕು ಅಂತಿದ್ದೆ!"

"ಎಸಿಯೋದಾದ್ರೆ ನನ್ ಕಡೀಕೇ ಎಸೀರಿ."

ಅದೂ ಆಗಿಬರಲಿಲ್ಲ, ಕೂದಲು ಉದುರಿ ಎತ್ತಿನ ಮೈಗೆ ಅಂಟಿತು. ಕೊನೆಗೆ ಅವಳ ಕಣ್ಣು ಬಿದ್ದದ್ದು ಗಂಡ ಗಡ್ಡಕ್ಕೆ ಸೋಪು ಹಚ್ಚುವ ಹಳೇ ಬ್ರಶ್ಶಿನ ಮೇಲೆ. ಅದರ ಕೂದಲನ್ನು ಕತ್ತರಿಯಲ್ಲಿ ಅರ್ಧಕ್ಕೆ ಕತ್ತರಿಸಿ, ಒರಟು ಕಲ್ಲಿನ ಮೇಲೆ ಉಜ್ಜಿ ತುದಿ ಮೊಂಡು ಮಾಡಿದಳು. ತನ್ನ ಹೆಬ್ಬೆರಳಿಗೆ ಮಸಿ ಬಳಿದುಕೊಂಡು, ಒಣಗಿದ ಮೇಲೆ ಬಿಳಿಯಲ್ಲಿ ಅದ್ದಿ ಒರೆಸಿದ ಬ್ರಶ್ಶನ್ನು ಅದರ ಮೇಲೆ ಆಡಿಸಿದಳು. ಬೆರಳಿನ ಸುಳಿಯ ಗೆರೆಗೆರೆಯೂ ಬೆಳ್ಳಗೆ ಎದ್ದಿತು. ಉಗ್ರಪ್ಪ ಆ ವಾರವೆಲ್ಲ ಗಡ್ಡ ಬಿಟ್ಟುಕೊಂಡು ಓಡಾಡಿದ.

ಆ ಬ್ರಶ್ಶಿನಿಂದ ಬಳಿದ ಮೊದಲನೇ ಎತ್ತಿನ ಪಕ್ಕೆಯ ಮೇಲೆ ಇನ್ನೊಂದು ಸುಳಿ ಎದ್ದಿತು.

ಭಾಗಮ್ಮ ಮೊದಲು ತನ್ನದೇ ಬೆರಳು ತಾಗಿತೇನೋ ಎಂದುಕೊಂಡಳು. ತನ್ನ ಹೆಬ್ಬೆರಳನ್ನು ಪಕ್ಕದಲ್ಲಿಟ್ಟು ನೋಡಿದಳು. ತನ್ನದು ಬಲಕ್ಕೆ ಸುತ್ತುತ್ತದೆ, ಇದು ಎಡಕ್ಕೆ. ಅಚ್ಚಿನ ಎರಡು ಹೋಳುಗಳನ್ನು ಕೂಡಿಸಿದ ಗೀಟನ್ನು ಒದ್ದೆ ಹೆಬ್ಬೆರಳಿನಿಂದ ಸವರಿ ಮುಚ್ಚಿದ್ದ ಗುರುತು ಅದು. ಮಣ್ಣು ಹಸಿಯಿದ್ದಾಗ ಬಿದ್ದದ್ದು ಬೆಂಕಿಯಲ್ಲಿ ಗಟ್ಟಿಯಾಗಿತ್ತು. ದಪ್ಪ ಸುಣ್ಣದಡಿ ಇಷ್ಟು ದಿನ ಯಾರಿಗೂ ಕಂಡಿರಲಿಲ್ಲ. ಬೆನ್ನಿನುದ್ದಕ್ಕೂ, ಹೊಟ್ಟೆಯಡಿ, ತೊಡೆಯ ಸಂದಿಯಲ್ಲಿ ದ್ಯಾವಮ್ಮನ ಬೆರಳು ನಡೆದುಹೋಗಿತ್ತು. ಭಾಗಮ್ಮ ಎತ್ತನ್ನೂ ಬ್ರಶ್ಶನ್ನೂ ಬುಟ್ಟಿಯ ಹುಲ್ಲಿನಡಿ ತುರುಕಿದಳು.

ಎರಡು ದಿನ ಅವಳು ಅಟ್ಟದ ಕಡೆ ತಲೆಯೆತ್ತಲಿಲ್ಲ. ಮೆತ್ತನೆಯ ಕುಂಚ ಹಿಡಿದರೆ ಆ ಗುರುತು ಏಳುವುದಿಲ್ಲ, ಮುಚ್ಚಿಹೋಗುತ್ತದೆ. ಅದನ್ನೂ ಮಾಡಿ ನೋಡಿದಳು. ಎತ್ತು ಮತ್ತೆ ಇಲಿಯಾಯಿತು. ಕೊನೆಗೆ ಗಟ್ಟಿಮನಸ್ಸು ಮಾಡಿ ಅದೇ ಬ್ರಶ್ಶು ಹಿಡಿದು, ಬಿಲ್ಲೆಯನ್ನು ಮುಟ್ಟಿಕೊಂಡು, "ಅಕ್ಕಾ, ನಿನ್ನ ಕೆಲ್ಸ ನೀನು ಮಾಡಿದ್ದೀಯ, ನನ್ನದು ನಾನು ಮಾಡ್ತೀನಿ, ನನ್ ತಂಟೆಗೆ ಬರಬ್ಯಾಡ" ಎಂದಳು. ಹಾಗೇ ಅಭ್ಯಾಸವಾಯಿತು. ಬೆಳಗಿನ ಬಿಸಿಲಲ್ಲಿ ಹೊಸಿಲ ಬಳಿ ಕೂತು ಬಳಿಯುವಾಗ ಅವಳು ಸತ್ತವಳ ಜೊತೆ ಮಾತಾಡುತ್ತಿದ್ದಳು. ಇಲ್ಲಿ ಅವಸರ ಮಾಡಿದ್ದೀಯ ನೋಡು, ಇಲ್ಲಿ ಚೆನ್ನಾಗಿ ಸವರಿದ್ದೀಯ ಎಂದೆಲ್ಲ ಹೇಳುತ್ತಿದ್ದಳು. ಎತ್ತುಗಳು ಬೀರೂರಿನಲ್ಲಿ ಬಿಸಿಬಿಸಿ ದೋಸೆಯ ಹಾಗೆ ಹೋದವು. ಭಯ ಹೋಯಿತು ಎನ್ನುವಂತಿಲ್ಲ. ಭಯದ ಜೊತೆ ಸಂಸಾರ ಮಾಡುವುದು ಅವಳಿಗೆ ಬಂತು.

ಎಪ್ಪತ್ತೆಂಟರಲ್ಲಿ ಅವಳು ಮತ್ತೆ ಬಸುರಿಯಾದಳು. ಈ ಸಲ ಬಿಲ್ಲೆಗೆ ಪಾಲು ಮುಟ್ಟಿಸದೆ ನೀರೂ ಕುಡಿಯುತ್ತಿರಲಿಲ್ಲ. ಆ ದಿನಗಳಲ್ಲೇ ಅಟ್ಟದ ಕೊನೆಯ ಬುಟ್ಟಿ ಕೆಳಗಿಳಿಯಿತು.

ಅದರ ಮೇಲ್ಸಾಲಿನ ಎತ್ತಿಗೆ ಬ್ರಶ್ ಆಡಿಸಿದಾಗ ಒಂದು ಪಕ್ಕೆಯಲ್ಲಿ ನಾಲ್ಕು ಬೆರಳು ಎದ್ದವು, ಇನ್ನೊಂದು ಪಕ್ಕೆಯಲ್ಲಿ ಒಂದು ಹೆಬ್ಬೆರಳು. ಹಸಿ ಎತ್ತನ್ನು ಯಾರೋ ನಡುವಿಗೆ ಹಿಡಿದು ಬಿಸಿಲಿಗೆ ಒಯ್ದಿಟ್ಟ ಗುರುತು. ಬೆರಳುಗಳು ಅವರೆಕಾಳಿನಷ್ಟೇ ಇದ್ದವು. ಮಗುವಿನ ಕೈ.

ಭಾಗಮ್ಮ ಇನ್ನೊಂದನ್ನು ಬಳಿದಳು. ಅದರಲ್ಲೂ ಅದೇ ಹಿಡಿ. ಅವಳು ಎತ್ತನ್ನು ಹಾಗೇ ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದಳು. "ಅತ್ತೆ, ಅಕ್ಕಂಗೆ ಮಗು ಇತ್ತಾ?"

ಜವರಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಂತಿತು. "ಹೋದೋರ ಸುದ್ದಿ ಬಸುರಿಗ್ಯಾಕೆ? ಬಾಯ್ಮುಚ್ಕೊಂಡು ಬಳಿ, ಹೋಗು" ಎಂದು ಮತ್ತೆ ಮೊರ ಆಡಿಸತೊಡಗಿದಳು, ರಾಗಿಯೆಲ್ಲ ಹೊರಗೆ ಚೆಲ್ಲಿತು.

ಹೋದೋರ ಸುದ್ದಿ. ಇನ್ನೇನು ಬೇಕು? ತಾಯಿಯ ಹಿಂದೆ ಮಗುವನ್ನೂ ಆ ಜ್ವರ ಕೊಂಡೊಯ್ದಿದೆ ಎಂದು ಭಾಗಮ್ಮನಿಗೆ ಖಾತ್ರಿಯಾಯಿತು. ತಾಯಿಗೆ ಸೀರೆ, ಹೂವು, ತುತ್ತು ಎಲ್ಲ ಸಂದಿದೆ. ಈ ಮಗುವಿಗೆ ಯಾರು ಏನು ಕೊಟ್ಟರು? ಮೊದಲ ಬಸಿರನ್ನು ತೆಗೆದದ್ದು ಅಕ್ಕನಲ್ಲ, ಹಸಿದ ಈ ಕೂಸು. ಈಗಲೂ ಅದು ಮನೆಯಲ್ಲೇ ಎಲ್ಲೋ ನಿಂತು ತನ್ನ ಹೊಟ್ಟೆಯನ್ನು ನೋಡುತ್ತಿದೆ. ಹೀಗೆಲ್ಲ ಯೋಚಿಸಿ ಅವಳಿಗೆ ಅನ್ನ ಸೇರದಾಯಿತು. ಉಗ್ರಪ್ಪ ಮಾಲು ಹೊತ್ತು ಊರೂರು ತಿರುಗಲು ಹೋಗಿದ್ದ, ಕೇಳೋಣವೆಂದರೆ ಅವನೂ ಇಲ್ಲ.

ಅತ್ತೆಗೆ ಸಂತೆಯ ನೆಪ ಹೇಳಿ ಅವಳು ತರೀಕೆರೆಯ ಬಸ್ಸು ಹತ್ತಿದಳು. ಅಲ್ಲಿನ ಅಕ್ಕಸಾಲಿಗೆ ತನ್ನ ಕಾಲುಂಗುರದ ಒಂದು ಸುತ್ತು ಬೆಳ್ಳಿ ಕೊಟ್ಟು, ಇನ್ನೊಂದು ಬಿಲ್ಲೆ ಮಾಡಿಕೊಡಲು ಹೇಳಿದಳು.

"ಇನ್ನೊಬ್ಳಾ?" ಎಂದ ಅವನು, ಅವಳ ಕೊರಳ ಕಡೆ ನೋಡಿ.

"ಕೂಸು."

"ಗಂಡೋ, ಹೆಣ್ಣೋ?"

ಭಾಗಮ್ಮನಿಗೆ ಗೊತ್ತಿರಲಿಲ್ಲ. ಆ ಬೆರಳುಗಳು ಎತ್ತನ್ನು ಒತ್ತಿ ಹಿಡಿದಿರಲಿಲ್ಲ, ನೋಯಬಾರದು ಎನ್ನುವ ಹಾಗೆ ಹಿಡಿದಿದ್ದವು. "ಹೆಣ್ಣು" ಎಂದಳು. ಅಕ್ಕಸಾಲಿ ಹುಣಸೆಬೀಜದಷ್ಟು ಬೆಳ್ಳಿಯ ಮೇಲೆ ಲಂಗ ತೊಟ್ಟ ಆಕಾರ ತಟ್ಟಿಕೊಟ್ಟ. ಅದನ್ನು ಅದೇ ಕರಿದಾರಕ್ಕೆ ಪೋಣಿಸಿಕೊಂಡು ಮನೆಗೆ ಬಂದು, ಅತ್ತೆಗೆ ಕಾಣದ ಹಾಗೆ ಕುಪ್ಪಸದೊಳಗೆ ಇಳಿಬಿಟ್ಟುಕೊಂಡಳು. ಅಂದಿನಿಂದ ತುಣುಕು ಬೆಲ್ಲವನ್ನು ಮೊದಲು ಅದಕ್ಕೆ ಮುಟ್ಟಿಸಿ ತಿಂದಳು. ಮನಸ್ಸು ಹಗುರಾಯಿತು.

ಉಗ್ರಪ್ಪ ಬಂದದ್ದು ಒಂದು ಮಧ್ಯಾಹ್ನ. ಅವಳು ಬಗ್ಗಿ ಅವನ ಕೈಗೆ ನೀರು ಹಾಕುವಾಗ ದಾರ ಹೊರಗೆ ಜಾರಿತು. ಎರಡು ಬಿಲ್ಲೆ.

"ಏನಿದು?" ಎಂದ.

"ನೀವಂತೂ ಹೇಳಲಿಲ್ಲ. ನಂಗೇ ಗೊತ್ತಾಯ್ತು. ಅಕ್ಕನ ಮಗು."

ಉಗ್ರಪ್ಪ ಒದ್ದೆ ಕೈಯಲ್ಲೇ ಆ ಚಿಕ್ಕ ಬಿಲ್ಲೆಯನ್ನು ಹಿಡಿದ. ಎಂದೂ ದನಿಯೆತ್ತದ ಮನುಷ್ಯ, ಬೀದಿಗೆ ಕೇಳುವ ಹಾಗೆ ಕೂಗಿದ. "ಬದುಕಿರೋ ಮಗೀನ ಕೊರಳಿಗೆ ಹಾಕ್ಕೊಂಡಿದ್ದೀಯಲ್ಲೇ! ನನ್ ಕೆಂಪಿ ಕಣೇ ಅದು! ಬದುಕೈತೆ ಕಣೇ!"

ದಾರ ಕಿತ್ತುಬಂತು. ಜವರಮ್ಮ ಒಳಗಿಂದ ಬಂದವಳು ಬಾಗಿಲಲ್ಲೇ ಕುಸಿದಳು. ಆಮೇಲೆ ಎಲ್ಲ ಹೊರಗೆ ಬಂತು. ಮಗುವಿರುವ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು, ನಾಲ್ಕು ವರ್ಷದ ಕೆಂಪಿಯನ್ನು ಲಕ್ಕವಳ್ಳಿಯಲ್ಲೇ ತಾಯಿಯ ತಾಯಿ ಹುಚ್ಚಮ್ಮನ ಬಳಿ ಬಿಟ್ಟು ಬಂದಿದ್ದರು. ಮದುವೆಯಾದ ಮೇಲೆ ನಿಧಾನಕ್ಕೆ ಹೇಳಿ ಕರೆತರೋಣ ಎಂದಿದ್ದಳು ಜವರಮ್ಮ. ಈ ತಿಂಗಳು, ಬರುವ ತಿಂಗಳು ಎನ್ನುತ್ತ ವರ್ಷಗಳು ಹೋದವು. ಹೋದಷ್ಟೂ ಹೇಳುವುದು ಕಷ್ಟವಾಯಿತು. ಉಗ್ರಪ್ಪ ಊರೂರು ತಿರುಗಿದರೂ ಲಕ್ಕವಳ್ಳಿಯ ದಾರಿ ಹಿಡಿಯಲಿಲ್ಲ. ಮಗುವಿನ ಮುಖ ನೋಡಿ ಮತ್ತೆ ಬಿಟ್ಟು ಬರಲು ತನಗಾಗುತ್ತಿರಲಿಲ್ಲ ಎಂದು ಅತ್ತ. ಒಳ್ಳೆಯವರ ಹೇಡಿತನಕ್ಕೆ ಬೇರೆಯವರು ದಂಡ ತೆರುತ್ತಾರೆ, ಇಲ್ಲಿ ತೆತ್ತದ್ದು ಒಂದು ಕೂಸು.

ಭಾಗಮ್ಮನಿಗೆ ಮೋಸಹೋದ ಸಿಟ್ಟು ಆಮೇಲೆ ಬಂತು, ಬಹಳ ದಿನ ಇತ್ತು. ಆ ಗಳಿಗೆಯಲ್ಲಿ ಬಂದದ್ದು ಬರೀ ಹೆದರಿಕೆ. ಸತ್ತವರಿಗೆ ಹಾಕುವುದನ್ನು ಬದುಕಿದ್ದ ಮಗುವಿನ ಹೆಸರಲ್ಲಿ ಹಾಕಿಕೊಂಡಿದ್ದೇನೆ, ಪಾಲು ಮುಟ್ಟಿಸಿದ್ದೇನೆ, ಅದಕ್ಕೆ ಏನಾಗಿರಬಹುದು? "ಏಳಿ, ನಡೀರಿ ಲಕ್ಕವಳ್ಳಿಗೆ. ಈಗ್ಲೇ" ಎಂದಳು. ಹರಿದ ದಾರಕ್ಕೆ ಗಂಟು ಹಾಕಿ ಅಕ್ಕನ ಬಿಲ್ಲೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಚಿಕ್ಕದನ್ನು ಸೆರಗಿನ ತುದಿಗೆ ಕಟ್ಟಿ, ಉಂಡಿಲ್ಲದ ಗಂಡನನ್ನು ಎಬ್ಬಿಸಿಕೊಂಡು ಹೊರಟಳು.

ತರೀಕೆರೆಯಲ್ಲಿ ಬಸ್ಸು ಬದಲಾಯಿಸಿದರು. ಲಕ್ಕವಳ್ಳಿ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸರು ಯಾರದೋ ಮನೆಯ ಸಾವಿನ ಮಾತಾಡುತ್ತಿದ್ದರು. ಅವಳು ಕಿವಿ ಮುಚ್ಚಿಕೊಂಡಳು. ಇಳಿದ ಮೇಲೆ ದಾರಿಯಲ್ಲಿ ಸಿಕ್ಕ ಕಾಲುವೆಗೆ ಆ ಚಿಕ್ಕ ಬಿಲ್ಲೆಯನ್ನು ಎಸೆದಳು. ಹುಚ್ಚಮ್ಮನ ಗುಡಿಸಲು ಕಾಣುವಾಗ ಅಂಗಳದಲ್ಲಿ ಜನ ಸೇರಿದ್ದಾರೆಯೇ ಎಂದು ಮೊದಲು ನೋಡಿದಳು. ಯಾರೂ ಇರಲಿಲ್ಲ. ಏಳೆಂಟು ವರ್ಷದ ಹುಡುಗಿಯೊಂದು ಜಗಲಿಯ ಮೇಲೆ ಕೂತು ಕಡಲೆಗಿಡದಿಂದ ಕಾಯಿ ಬಿಡಿಸುತ್ತಿತ್ತು. ಭಾಗಮ್ಮ ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟಳು.

ಆ ಹುಡುಗಿ ಅವರ ಜೊತೆ ಅಜ್ಜಂಪುರಕ್ಕೆ ಬಂತು, ಅಲ್ಲೇ ಬೆಳೆಯಿತು, ಭಾಗಮ್ಮ ಹೆತ್ತ ಗಂಡುಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗಿತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅವತ್ತು ಆ ಜಗಲಿಯ ಮುಂದೆ ನಡೆದದ್ದು ಭಾಗಮ್ಮನನ್ನು ಆಮೇಲೂ ಬಿಡಲಿಲ್ಲ.

ಉಗ್ರಪ್ಪ "ಕೆಂಪೀ" ಎಂದು ಮುಂದೆ ಹೋದ. ಹುಡುಗಿ ಕಾಯಿ ಬಿಟ್ಟು ಎದ್ದಳು. ಗುರುತು ಹಿಡಿದಳು, ಅದು ಮುಖದಲ್ಲೇ ಕಂಡಿತು. ಓಡಿ ಬರುವ ಬದಲು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ಕೂಗಿದಳು. "ಅಜ್ಜೀ! ಅಪ್ಪನ ದೆವ್ವ ಬಂದೈತೆ!"

ಹುಚ್ಚಮ್ಮ ಹೊರಗೆ ಬಂದಳು. ಅಳಿಯನನ್ನು ನೋಡಿದಳು, ಭಾಗಮ್ಮನನ್ನು ನೋಡಿದಳು, ಅವಳ ಕೊರಳಲ್ಲಿದ್ದ ಬಿಲ್ಲೆಯನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಸತ್ತೋದ ಅಂತ ಹೇಳಿದ್ದೆ ಕಣವ್ವ. ಇನ್ನೇನ್ ಹೇಳ್ಲಿ? ದಿನಾ ಬಸ್ ಬರೋ ಹೊತ್ಗೆ ರಸ್ತೇಲಿ ನಿಂತ್ಕತಿತ್ತು. ಸತ್ತೋದ ಅಂದ್ಮೇಲೆ ನಿಲ್ಲೋದು ಬಿಡ್ತು."

ಕೆಂಪಿ ಅಪ್ಪನ ಮುಖ ನೋಡುತ್ತಿರಲಿಲ್ಲ. ಅವನ ಕಾಲು ನೋಡುತ್ತಿದ್ದಳು. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದೆ ಎಂದು ಯಾವ ಮಗುವಿಗೆ ಗೊತ್ತಿಲ್ಲ? ಭಾಗಮ್ಮನಿಗೆ ಅರ್ಥವಾಯಿತು. "ಚಪ್ಲಿ ಬಿಡಿ" ಎಂದಳು ಗಂಡನಿಗೆ. "ಕಾಲು ತೋರ್ಸಿ ಅದಕ್ಕೆ." ಉಗ್ರಪ್ಪ ಚಪ್ಪಲಿ ಕಳಚಿ, ಪಂಚೆಯನ್ನು ಮೇಲಕ್ಕೆತ್ತಿ, ಬಿಸಿಲಲ್ಲಿ ಕಳ್ಳನ ಹಾಗೆ ನಿಂತುಕೊಂಡ. ಹುಡುಗಿ ಕೂತು, ಅತ್ತಲಿಂದ ನೋಡಿ, ಇತ್ತಲಿಂದ ನೋಡಿ, ಕೊನೆಗೆ ಒಂದು ಬೆರಳು ಚಾಚಿ ಅವನ ಹೆಬ್ಬೆರಳ ಉಗುರನ್ನು ಮುಟ್ಟಿದಳು. ಮುಟ್ಟಿದ ಬೆರಳನ್ನು ಹಾಗೇ ಇಟ್ಟುಕೊಂಡು ತಲೆಯೆತ್ತಿ ಅವನ ಮುಖ ನೋಡಿದಳು.

"ಅಪ್ಪ ಸತ್ತಿಲ್ಲ" ಎಂದಳು.

"ಇಲ್ಲ ಕಣವ್ವ" ಎಂದಳು ಹುಚ್ಚಮ್ಮ.

ಹುಡುಗಿಯ ಮುಖ ಒಮ್ಮೆಗೇ ಅರಳಿತು. ಎದ್ದು ನಿಂತು, ಅವರು ಬಂದ ದಾರಿಯತ್ತ, ಇನ್ನೂ ಯಾರೋ ಹಿಂದುಳಿದು ನಡೆದು ಬರುತ್ತಿದ್ದ ಹಾಗೆ ಇಣುಕಿ ನೋಡಿದಳು.

"ಹಂಗಾರೆ ಅವ್ವನೂ ಸತ್ತಿಲ್ವಾ? ಅವ್ವ ಎಲ್ಲಿ?"

ಉಗ್ರಪ್ಪ ಮುಖ ಮುಚ್ಚಿಕೊಂಡ. ಹುಚ್ಚಮ್ಮ ಗುಡಿಸಲೊಳಕ್ಕೆ ಹೋಗಿಬಿಟ್ಟಳು. ದ್ಯಾವಮ್ಮನನ್ನು ಬದುಕಿದ್ದಾಗ ಒಮ್ಮೆಯೂ ಕಾಣದವಳು ಅಲ್ಲಿ ಭಾಗಮ್ಮ ಒಬ್ಬಳೇ, ಹೇಳುವುದು ಅವಳ ಪಾಲಿಗೇ ಬಂತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು, ಅವ್ವ ಸತ್ತದ್ದು ನಿಜ ಕಣವ್ವ, ಅದೊಂದು ಮಾತ್ರ ಸುಳ್ಳಲ್ಲ ಎಂದು ಹೇಳಿದಳು.